ಏಳೂವರೆ ಲೀಟರಿನ ಪೆಟ್ಟಿಗೆ

ಗುಬ್ಬಿ
೨೩ ನವೆಂಬರ್ ೨೦೨೫, ಭಾನುವಾರ ಸಂಜೆ

ನನ್ನ ಇಂಪೂ,

ಹೇಗಿದ್ದೀಯಮ್ಮ? ಹೋದ ತಿಂಗಳು ಬಂದಿದ್ದ ಕೆಮ್ಮು ವಾಸಿಯಾಯಿತು ಎಂದು ನಿಮ್ಮಮ್ಮ ಹೇಳಿದಳು. ನಿಜಕ್ಕೂ ವಾಸಿಯಾಗಿದೆಯೋ, ಅವಳು ಗಾಬರಿಯಾಗಬಾರದೆಂದು ಹಾಗೆ ಹೇಳಿದೆಯೋ? ಬೆಳಗಿನ ಜಾವ ಹವಾಮಾನದ ಬಲೂನು ಬಿಡಲು ಹೊರಗೆ ಹೋಗುವಾಗ ಕಿವಿಗೆ ಬಟ್ಟೆ ಕಟ್ಟಿಕೋ. ಸಮುದ್ರದ ಗಾಳಿ ನಮ್ಮ ಗುಬ್ಬಿಯ ಗಾಳಿಯಂತಲ್ಲ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಮೆಟ್ಟಿಲು ಕಂಡಾಗ ಮಾತ್ರ ಬರುತ್ತದೆ, ಮದುವೆ ಮನೆ ಕಂಡಾಗ ಹೋಗುತ್ತದೆ. ಅಜ್ಜಿ ಗಟ್ಟಿಮುಟ್ಟಾಗಿದ್ದಾರೆ. ಮಿನಿಕಾಯ್ ದ್ವೀಪದ ತುಂಬ ತೆಂಗಿನಮರ ಎಂದು ನೀನು ಹೇಳಿದಾಗಿನಿಂದ ಅವರಿಗೆ ಅರ್ಧ ಚಿಂತೆ ಕಳೆದಿದೆ. ‘ತೆಂಗಿರೋ ಕಡೆ ಕೂಸು ಉಪಾಸ ಇರಕಿಲ್ಲ ಬುಡು’ ಎಂದು ಬಂದವರಿಗೆಲ್ಲ ಹೇಳುತ್ತಾರೆ. ಆದರೆ ಅಲ್ಲಿನ ಕಾಯಿ ನಮ್ಮ ಕಾಯಿಯಷ್ಟು ದಪ್ಪ ಇದೆಯೋ ಇಲ್ಲವೋ, ಅದನ್ನು ಕೇಳಿ ಬರೆಯಬೇಕಂತೆ.

ನಿನ್ನ ಜೊತೆ ಕೆಲಸ ಮಾಡುವ ಸಿದ್ಧಾರ್ಥ್ ರಜೆ ಮುಗಿಸಿ ನಾಳೆ ಕುಣಿಗಲ್‌ನಿಂದ ಹೊರಡುತ್ತಾನಲ್ಲ, ಅವನ ಕೈಯಲ್ಲಿ ಒಂದು ಪೆಟ್ಟಿಗೆ ಕಳಿಸುತ್ತಿದ್ದೇನೆ. ಅದರ ಜೊತೆಗೇ ಈ ಕಾಗದ. ಕೊಬ್ಬರಿ ಮಿಠಾಯಿ ಇರಬಹುದು ಎಂದುಕೊಂಡಿರುತ್ತೀಯ. ಅದೂ ಇದೆ, ಬೇರೆ ಡಬ್ಬಿಯಲ್ಲಿ. ಬೂದುಬಣ್ಣದ ಪೆಟ್ಟಿಗೆಯಲ್ಲಿ ಇರುವುದು ಕಂಪ್ಯೂಟರ್. ನೀನು ಆಡುತ್ತಿದ್ದಂಥ ದೊಡ್ಡ ಆಟಗಳನ್ನು ಓಡಿಸುವ ಕಂಪ್ಯೂಟರ್. ಒಳಗಿನ ಸಾಮಾನು ಅಂಗಡಿಯದು, ಪೆಟ್ಟಿಗೆ ನಾನೇ ಮಾಡಿದ್ದು.

ಜುಲೈನಲ್ಲಿ ಒಂದು ದಿನ ನೀನು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಅವಳು ಚಪಾತಿ ಲಟ್ಟಿಸುತ್ತಾ ಸ್ಪೀಕರ್ ಹಾಕಿದ್ದಳು, ನಾನು ಅಲ್ಲೇ ಪೇಪರ್ ಓದುತ್ತಾ ಕೂತಿದ್ದೆ. ‘ಇಲ್ಲಿಗೆ ನೆಟ್ ಚೆನ್ನಾಗಿ ಬಂದಿದೆ ಕಣಮ್ಮ. ಒಂದು ಗೇಮಿಂಗ್ ಕಂಪ್ಯೂಟರ್ ಇದ್ದಿದ್ರೆ ಡ್ಯೂಟಿ ಮುಗಿದ್ಮೇಲೆ ಹೊತ್ತು ಹೋಗೋದು. ಆದ್ರೆ ರೂಮಲ್ಲಿ ಮಂಚ ಹಾಕಿದ್ರೆ ಮೇಜಿಗೆ ಜಾಗ ಇಲ್ಲ, ಮೇಜು ಹಾಕಿದ್ರೆ ನಂಗೇ ಜಾಗ ಇಲ್ಲ’ ಎಂದು ನಕ್ಕೆ. ಆಮೇಲೆ ‘ಅಪ್ಪ ಪಕ್ಕದಲ್ಲಿದಾರಾ?’ ಎಂದು ಕೇಳಿದೆ. ಅಮ್ಮ ಹೂಂ ಎಂದ ಕೂಡಲೇ ನಿನ್ನ ನಗು ನಿಂತಿತು. ‘ಅಪ್ಪಾ, ಊಟ ಆಯ್ತಾ?’ ಎಂದೆ. ಏಳು ವರ್ಷದಿಂದ ನಮ್ಮಿಬ್ಬರ ನಡುವೆ ಉಳಿದಿರುವುದು ಅದೊಂದೇ ಮಾತು. ನಾನೂ ಎಂದಿನಂತೆ ‘ಆಯ್ತಮ್ಮ’ ಎಂದೆ. ಆಗಿರಲಿಲ್ಲ. ಚಪಾತಿ ಇನ್ನೂ ಹೆಂಚಿನ ಮೇಲಿತ್ತು.

ಮಾರನೆಯ ದಿನ ಸತ್ಯಮಂಗಲದ ನಮ್ಮ ತಗಡಿನ ಕೆಲಸದ ಶೆಡ್ಡಿನಿಂದ ಬರುವಾಗ ತುಮಕೂರಿನಲ್ಲಿ ಒಂದು ಕಂಪ್ಯೂಟರ್ ಅಂಗಡಿಗೆ ಹೋದೆ. ಅಲ್ಲಿ ರಿಪೇರಿ ನೋಡಿಕೊಳ್ಳುವವಳು ಮಾನಸಾ ಎಂಬ ಹುಡುಗಿ, ನಿನ್ನದೇ ವಯಸ್ಸು. ಮಗಳಿಗೆ ಬೇಕು, ಹಡಗಿನಲ್ಲಿ ಕೈಚೀಲದಲ್ಲಿ ಹಿಡಿಸುವಷ್ಟು ಚಿಕ್ಕದಿರಬೇಕು, ಆಟ ಮಾತ್ರ ಎಲ್ಲೂ ತಡವರಿಸಬಾರದು ಎಂದೆ. ‘ಲ್ಯಾಪ್‌ಟಾಪ್ ತಗೊಳ್ಳಿ ಅಂಕಲ್’ ಎಂದಳು. ಸಮುದ್ರದ ನಡುವೆ ಲ್ಯಾಪ್‌ಟಾಪ್ ಕೆಟ್ಟರೆ ಯಾರ ಹತ್ತಿರ ಹೋಗುವುದು? ನನ್ನ ಮಗಳು ತಾನೇ ಬಿಚ್ಚಿ ಸರಿಮಾಡಿಕೊಳ್ಳುವಂಥದ್ದು ಬೇಕು ಎಂದೆ. ಆಗ ಅವಳು ಕುರ್ಚಿ ಎಳೆದುಕೊಂಡು ಕೂತಳು. ಇಂಥ ಪೆಟ್ಟಿಗೆಗಳನ್ನು ಲೀಟರಿನಲ್ಲಿ ಅಳೆಯುತ್ತಾರಂತೆ, ಹಾಲಿನ ಕ್ಯಾನಿನ ಹಾಗೆ! ಮಾಮೂಲಿ ಕ್ಯಾಬಿನೆಟ್ ನಲವತ್ತು ಲೀಟರಿನ ಮೇಲೆ. ಹತ್ತರೊಳಗೆ ಬಂದರೆ ಅದು ನಿಜವಾಗಿ ಚಿಕ್ಕದು. ‘ಅದ್ರೊಳಗೆ ಆಟದ ಚಿತ್ರ ಓಡಿಸೋ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಕೂರಿಸೋದು ಕಷ್ಟ ಅಂಕಲ್, ಕಾದು ಕೆಂಡ ಆಗುತ್ತೆ’ ಎಂದಳು. ಕಾಯುವ ಪೆಟ್ಟಿಗೆಯ ವಿಷಯ ನನಗೆ ಹೇಳಿಕೊಡಬೇಕೆ? ಇಪ್ಪತ್ತಾರು ವರ್ಷದಿಂದ ಬೋರ್‌ವೆಲ್ ಸ್ಟಾರ್ಟರುಗಳಿಗೆ ತಗಡಿನ ಡಬ್ಬಿ ಮಾಡುತ್ತಿರುವವನು ನಾನು. ಪೆಟ್ಟಿಗೆ ನನಗೆ ಬಿಡಮ್ಮ ಎಂದೆ.

ಜಂಬದಲ್ಲಿ ಹೇಳಿಬಿಟ್ಟೆ, ಆಮೇಲೆ ಗೊತ್ತಾಯಿತು. ಮೊದಲು ರಟ್ಟಿನಲ್ಲಿ ಮಾಡಿ ನೋಡಿದೆ. ಒಂದಡಿಗಿಂತ ಚೂರು ಉದ್ದ, ಐದಿಂಚು ಅಗಲ, ಎತ್ತರ ಒಂದು ಗೇಣೂ ಇಲ್ಲ. ಒಟ್ಟು ಏಳೂವರೆ ಲೀಟರ್. ನಡುವೆ ಒಂದು ತಗಡಿನ ಗೋಡೆ, ಅದರ ಈಚೆ ಮದರ್‌ಬೋರ್ಡ್, ಆಚೆ ಗ್ರಾಫಿಕ್ಸ್ ಕಾರ್ಡ್, ಮುನಿಸಿಕೊಂಡವರ ಹಾಗೆ ಬೆನ್ನಿಗೆ ಬೆನ್ನು. ಎರಡಕ್ಕೂ ನಡುವೆ ಸೀರೆ ಅಂಚಿನಂಥ ಒಂದು ಅಗಲ ಕೇಬಲ್. ಸರಿ ಎಂದು ಅಲ್ಯೂಮಿನಿಯಂ ಶೀಟು ಕತ್ತರಿಸಿ, ಬಗ್ಗಿಸಿ, ಎಲ್ಲ ಕೂರಿಸಿ ಮುಚ್ಚಲು ಹೋದರೆ ಬಾಗಿಲು ಎಂಟು ಮಿಲಿಮೀಟರ್ ಮೇಲೇ ನಿಂತಿತು. ಕಾರ್ಡಿಗೆ ಕರೆಂಟು ಕೊಡುವ ಪ್ಲಗ್ಗು ಹೊರಗೆ ಚಾಚುತ್ತದೆ ಎಂಬುದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಇನ್ನೊಂದು ಮಾಡಿದೆ. ಈ ಸಲ ಮುಚ್ಚಿತು. ಅಂಗಡಿಗೆ ಒಯ್ದು ಆಟ ಹಾಕಿದರೆ ಹನ್ನೊಂದು ನಿಮಿಷಕ್ಕೆ ಉಸಿರುಗಟ್ಟಿ ಆಫ್ ಆಯಿತು. ಚಂದಕ್ಕೆಂದು ಸಣ್ಣ ಸಣ್ಣ ತೂತು ಕೊರೆದಿದ್ದೆ, ಗಾಳಿಗೆ ಅದು ಸಾಲಲಿಲ್ಲ. ಸ್ಟಾರ್ಟರ್ ಡಬ್ಬಿಗೆ ಹೊಡೆಯುವ ಹಾಗೆ ಉದ್ದುದ್ದ ಸೀಳು ಹೊಡೆದು, ಮೇಲೆ ಬಿಸಿಗಾಳಿ ಎಳೆದು ಬಿಸಾಡುವ ಎರಡು ಫ್ಯಾನು ಹಾಕಿ, ಕೆಳಗೆ ಕಾಲು ಕೊಟ್ಟೆ. ಕಾವು ಇಳಿಯಿತು. ಆದರೆ ಅಷ್ಟು ಸಲ ಬಿಚ್ಚಿ ಜೋಡಿಸುವಾಗ ಆ ಅಗಲ ಕೇಬಲನ್ನು ಮೂಲೆಯಲ್ಲಿ ಒತ್ತಿ ಮಡಚಿಬಿಟ್ಟಿದ್ದೆ. ಪರದೆ ಕಪ್ಪಗೆ ಕೂತಿತು. ಮಾನಸಾಗೆ ನಿಜಕ್ಕೂ ಸಿಟ್ಟು ಬಂತು. ‘ಇದು ತಗಡಲ್ಲ ಅಂಕಲ್! ಬಳುಕಿಸ್ಬೇಕು, ಮಡಚ್ಬಾರ್ದು’ ಎಂದಳು. ಅಷ್ಟು ಚಿಕ್ಕ ಹುಡುಗಿಯ ಕೈಲಿ ಬೈಸಿಕೊಂಡು ತಲೆ ತಗ್ಗಿಸಿ ನಿಂತೆ ನೋಡು.

ಹೊಸ ಕೇಬಲ್ ಬಂದ ದಿನ ಮತ್ತೆ ಹೋದೆ. ಅವಳೇ ಬಳುಕಿಸಿ ಕೂರಿಸಿದಳು, ಪರದೆ ಬೆಳಗಿತು. ಒಳಗೆ ಹೆಸರು ಹಾಕಲು ‘ಮಗಳ ಹೆಸರೇನು ಅಂಕಲ್?’ ಎಂದಳು. ಇಂಪನಾ ಎಂದೆ. ಟೈಪ್ ಮಾಡುತ್ತಿದ್ದ ಅವಳ ಬೆರಳು ನಿಂತಿತು. ‘ಗುಬ್ಬಿ ಇಂಪನಾನಾ? ಪಿಯುಸಿಲಿ ಸೈನ್ಸ್ ತಗೊಂಡಿದ್ಲಲ್ಲ?’ ಎಂದಳು. ಅವಳು ನಿನ್ನ ಜೊತೆ ಆಡುತ್ತಿದ್ದವಳಂತೆ ಕಣಮ್ಮ. ನೀವು ಐದು ಜನ ಹುಡುಗಿಯರು ಒಂದು ಟೀಮು ಕಟ್ಟಿದ್ದಿರಂತೆ. ಬೆಂಗಳೂರಿನ ಒಂದು ದೊಡ್ಡ ಪಂದ್ಯಕ್ಕೆ ಇನ್ನೊಂದೇ ಆಟ ಗೆದ್ದರೆ ಹೋಗುತ್ತಿದ್ದಿರಂತೆ. ಇದಾವುದೂ ನನಗೆ ಗೊತ್ತಿರಲಿಲ್ಲ. ನಾನು ಕೇಳಿರಲೂ ಇಲ್ಲ. ‘ಪಾಪ, ಆ ಕೊನೇ ಆಟಕ್ಕೆ ನಾಕು ದಿನ ಇರೋವಾಗ ಅವಳ ಕಂಪ್ಯೂಟರ್ ಸುಟ್ಟೋಯ್ತು ಅಂಕಲ್. ನಾವೆಲ್ಲ ಬಂದು ರಿಪೇರಿ ಮಾಡ್ಕೊಡ್ತೀವಿ ಅಂದ್ವಿ. ಬೇಡ, ಪೂರ್ತಿ ಹೋಗಿದೆ ಅಂದ್ಲು. ನಾಕೇ ಜನ ಆದ್ವಿ, ನಮ್ಮನ್ನ ಆಡಕ್ಕೇ ಬಿಡ್ಲಿಲ್ಲ. ಆಮೇಲೆ ಅವಳು ನಮ್ಮತ್ರ ಬರೋದೇ ಬಿಟ್ಬಿಟ್ಲು’ ಎಂದಳು. ನಾನು ಹೌದಾ ಎಂದೆ. ಬೈಕನ್ನು ಅಲ್ಲೇ ಮರೆತು ಬಸ್ ಸ್ಟ್ಯಾಂಡಿನವರೆಗೆ ನಡೆದುಬಿಟ್ಟಿದ್ದೆ. ಆಮೇಲೆ ವಾಪಸು ಬಂದು ತೆಗೆದುಕೊಂಡು ಹೋದೆ.

ಸುಟ್ಟುಹೋಗಿರಲಿಲ್ಲ ಎಂಬುದು ನಿನಗೂ ಗೊತ್ತು, ನನಗೂ ಗೊತ್ತು. ಹಳೆ ಸಾಮಾನು ಒಂದೊಂದೇ ಕೂಡಿಸಿ ನೀನೇ ಕಟ್ಟಿಕೊಂಡಿದ್ದ ಆ ದೊಡ್ಡ ಕಂಪ್ಯೂಟರನ್ನು, ನೀನು ಟ್ಯೂಷನ್ನಿಗೆ ಹೋಗಿದ್ದಾಗ ಗುಜರಿಯವನನ್ನು ಕರೆದು ಎತ್ತಿಸಿದವನು ನಾನು. ಎಷ್ಟು ಹೊತ್ತಾದರೂ ಆಟ, ಓದೇ ಇಲ್ಲ ಎಂದು ನನಗೆ ರೇಗಿತ್ತು. ನೀನು ಬಂದವಳು ಅಳಲಿಲ್ಲ. ಮೇಜಿನ ಮೇಲೆ ಧೂಳಿನಲ್ಲಿ ಅದರ ಚೌಕ ಗುರುತು ಉಳಿದಿತ್ತು. ಒದ್ದೆ ಬಟ್ಟೆ ತಂದು ಅದನ್ನು ಒರೆಸಿ, ಫಿಸಿಕ್ಸ್ ಪುಸ್ತಕ ತೆರೆದಿಟ್ಟು ಕೂತೆ. ನಿನಗೆ ಡಿಸ್ಟಿಂಕ್ಷನ್ ಬಂದಾಗ ನಾನು ಹೋದ ಹೋದ ಮದುವೆಯಲ್ಲೆಲ್ಲ ಏನು ಹೇಳಿಕೊಂಡು ಓಡಾಡಿದೆ ನೆನಪಿದೆಯಾ? ‘ನಾನು ಸ್ಟ್ರಿಕ್ಟಾಗಿ ಇದ್ದಿದ್ದಕ್ಕೇ ಇವತ್ತು ಇಷ್ಟು ಓದವ್ಳೆ’ ಎಂದು. ನೀನು ಪಕ್ಕದಲ್ಲೇ ಇದ್ದು ಒಂದು ಮಾತೂ ಆಡಲಿಲ್ಲ. ನಿನ್ನ ಗೆಳತಿಯರ ಮುಂದೆಯಾದರೂ ಹೇಳಿಕೊಂಡಿರುತ್ತೀಯ, ನನ್ನನ್ನು ಬೈದುಕೊಂಡಿರುತ್ತೀಯ ಎಂದುಕೊಂಡಿದ್ದೆ. ಹದಿನೇಳು ವರ್ಷದ ಹುಡುಗಿ ನೀನು, ಅಲ್ಲೂ ಅಪ್ಪನ ಮಾನ ಕಾಪಾಡಿಕೊಂಡು, ಗೆಳತಿಯರನ್ನೇ ಕಳೆದುಕೊಂಡೆ. ಅದು ಗೊತ್ತಾದ ಮೇಲೂ ನಾನು ಮಾನಸಾ ಎದುರು ಹೌದಾ ಎಂದು ಸುಮ್ಮನಾದೆ ನೋಡು. ಆಮೇಲೂ ಎರಡು ಸಲ ಅಂಗಡಿಗೆ ಹೋದೆ, ಎರಡು ಸಲವೂ ಹೇಳದೆ ವಾಪಸು ಬಂದೆ. ನಿಮ್ಮಮ್ಮನಿಗೆ ಹೇಳಿದೆ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ‘ನನಗೆ ಯಾಕೆ ಹೇಳ್ತೀರಿ? ಹೇಳ್ಬೇಕಾದವ್ರಿಗೆ ಹೇಳಿ’ ಎಂದು ಒಳಗೆ ಹೋದಳು.

ಪೆಟ್ಟಿಗೆಯನ್ನು ಮತ್ತೊಂದು ಸಲ ಪೂರ್ತಿ ಹೊಸದಾಗಿ ಮಾಡಿದೆ. ಉಪ್ಪುಗಾಳಿಗೆ ಏನೂ ಆಗಬಾರದೆಂದು ಪೌಡರ್ ಕೋಟಿಂಗ್ ಮಾಡಿಸಿದ್ದೇನೆ. ಅಂಚೊಂದನ್ನೂ ಬಿಡದೆ ಕೈಯಲ್ಲಿ ಉಜ್ಜಿದ್ದೇನೆ, ಎಲ್ಲೂ ಬೆರಳು ಕೊಯ್ಯುವುದಿಲ್ಲ. ಎಡಗಡೆ ಮೂರು ಸ್ಕ್ರೂ ಬಿಚ್ಚಿದರೆ ಇಡೀ ಬಾಗಿಲು ಬರುತ್ತದೆ. ಕೆಳಗಿನ ಜಾಲರಿಯನ್ನು ವಾರಕ್ಕೊಮ್ಮೆ ಬ್ರಷ್ಷಿನಲ್ಲಿ ಒರೆಸು. ಬೇರೆ ಪರದೆ ಬೇಕಿಲ್ಲ, ನಿನ್ನ ಗೋಡೆಯ ಟಿವಿಗೇ ಸಿಕ್ಕಿಸಬಹುದಂತೆ. ಶನಿವಾರ ಮನೆಯಲ್ಲಿ ಮೂರು ಗಂಟೆ ಕಾರಿನ ಆಟ ಓಡಿಸಿ ಕಾವು ನೋಡಿದೆವು, ಎಪ್ಪತ್ತೆರಡು ಡಿಗ್ರಿ ದಾಟಲಿಲ್ಲ. ನಾನು ಓಡಿಸಿದ ಕಾರು ಮೂರು ಸಲ ಕೆರೆಗೆ ಬಿತ್ತು. ನಿಮ್ಮಮ್ಮ ಸ್ಕೂಟಿ ಓಡಿಸಿದ ಹಾಗೆ ನಿಧಾನಕ್ಕೆ ಎಡಗಡೆಯಲ್ಲೇ ಹೋಗಿ ಕೊನೆಯವಳಾಗಿ ಬಂದರೂ ಒಂದು ಗೀರೂ ಬೀಳದೆ ಬಂದಳು. ಅಜ್ಜಿ ಪೆಟ್ಟಿಗೆಯನ್ನು ತಿರುಗಿಸಿ ನೋಡಿ, ‘ಇಷ್ಟುದ್ದದ ಡಬ್ಬಿಗೆ ನಾಕು ತಿಂಗಳು ಬೇಕಾಯ್ತೇನ್ಲಾ ಲಕ್ಷ್ಮೀಕಾಂತ? ನಿಮ್ಮಪ್ಪ ಅಷ್ಟೊತ್ಗೆ ಒಂದು ಮನೆ ಕಟ್ಟೋರು’ ಎಂದರು.

ಇನ್ನೇನು ಬರೆಯಲಿ? ಬರೆಯಬೇಕಾದ್ದು ಇದೆ, ಪೆನ್ನು ಅದರ ಸುತ್ತಲೇ ತಿರುಗುತ್ತಿದೆ. ನೀನು ಚೆನ್ನಾಗಿರು. ಹೊಟ್ಟೆತುಂಬ ಉಣ್ಣು, ಹೊತ್ತಿಗೆ ಸರಿಯಾಗಿ ಮಲಗು. ಮನಸ್ಸಿಗೆ ಬಂದಷ್ಟು ಹೊತ್ತು ಆಡು. ಅಮ್ಮನ, ಅಜ್ಜಿಯ ಆಶೀರ್ವಾದ ಈ ಕಾಗದದ ಜೊತೆಗೇ ಬರುತ್ತಿದೆ. ಸಿದ್ಧಾರ್ಥನಿಗೆ ಒಂದು ಊಟ ಹಾಕು, ಪೆಟ್ಟಿಗೆಯನ್ನು ಅವನು ಹಡಗಿನಲ್ಲಿ ಮಡಿಲಲ್ಲೇ ಇಟ್ಟುಕೊಳ್ಳುತ್ತಾನಂತೆ.

ನಿನ್ನ ಅಪ್ಪ,
ಲಕ್ಷ್ಮೀಕಾಂತ್

ಮರೆತಿದ್ದು: ಸೋಮವಾರ ಮಧ್ಯಾಹ್ನ, ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಕೂತು ಬರೆಯುತ್ತಿದ್ದೇನೆ. ಅಕ್ಷರ ಓಲಾಡಿದರೆ ಬೇಸರ ಮಾಡಿಕೊಳ್ಳಬೇಡ. ಮರೆತಿದ್ದು ಎಂಬುದೂ ಸುಳ್ಳು, ನಿನ್ನೆ ಧೈರ್ಯ ಸಾಲಲಿಲ್ಲ ಅಷ್ಟೆ. ಬೆಳಿಗ್ಗೆ ತುಮಕೂರಿನಲ್ಲಿ ಬಸ್ಸಿಳಿದು ನೇರ ಅಂಗಡಿಗೆ ಹೋದೆ. ‘ಅವತ್ತು ಏನೂ ಸುಟ್ಟಿರ್ಲಿಲ್ಲ ಕಣಮ್ಮ, ನಾನೇ ಗುಜರಿಗೆ ಹಾಕಿದ್ದು. ಇಂಪನಾ ನನ್ನ ಮಾನ ಉಳಿಸಕ್ಕೆ ಹಾಗೆ ಹೇಳಿದ್ದು’ ಎಂದು ಮಾನಸಾಗೆ ಹೇಳಿದೆ. ಅವಳು ಟೀಮಿನ ಉಳಿದ ಮೂವರಿಗೂ ಅಲ್ಲಿಂದಲೇ ಫೋನ್ ಮಾಡಿದಳು, ಮೂವರಿಗೂ ನಾನೇ ಬಾಯಿಬಿಟ್ಟು ಹೇಳಿದೆ. ಒಬ್ಬಳು ಬೈದಳು. ಬೈಸಿಕೊಂಡೆ. ಇನ್ನೊಬ್ಬಳು ನಿನ್ನ ನಂಬರ್ ಕೇಳಿದಳು, ಕೊಟ್ಟಿದ್ದೇನೆ. ಇಂಪೂ, ತಪ್ಪು ನಿನ್ನದಲ್ಲ, ನನ್ನದು. ಪೆಟ್ಟಿಗೆ ಕೊಟ್ಟೆ ಎಂದು ನೀನು ನನ್ನನ್ನು ಕ್ಷಮಿಸಬೇಕಿಲ್ಲ. ಕೋಪ ಇದ್ದರೆ ಇರಲಿ, ಅದು ನಿನ್ನ ಹಕ್ಕು. ಆದರೆ ಅದನ್ನು ಒಬ್ಬಳೇ ಹೊತ್ತುಕೊಂಡು ತಿರುಗಬೇಡ, ನನ್ನ ಮುಂದೆಯೇ ಹೇಳು, ಎಷ್ಟು ಹೊತ್ತಾದರೂ ಕೇಳುತ್ತೇನೆ. ಅಗೋ ಸಿದ್ಧಾರ್ಥ್ ಬಂದ.