ತಣ್ಣನೆಯ ಗಾಜು

ಪರಮಪೂಜ್ಯ ಮಾರ್ಗದರ್ಶಕರ ಪಾದಾರವಿಂದಗಳಿಗೆ,

ನಿನ್ನೆ ಪರೀಕ್ಷಕರ ಮುಂದೆ ತಮಗಾದ ಮುಖಭಂಗಕ್ಕೆ ನನ್ನ ಸಂತಾಪಗಳು. ಬೆಳವಣಿಗೆಯ ಪ್ರೋಟೀನು ಬೆರೆಸಿದರೆ ಹೋರಿಯ ವೀರ್ಯಾಣುಗಳು ಇನ್ನಷ್ಟು ಚುರುಕಾಗಿ ಈಜುತ್ತವೆಂದು ಎರಡು ವರ್ಷ ಸೂಕ್ಷ್ಮದರ್ಶಕಕ್ಕೆ ಕಣ್ಣಂಟಿಸಿ ಕಂಡುಕೊಂಡವಳು ನಾನು. ಪ್ರಬಂಧದಿಂದ ನನ್ನ ಹೆಸರು ಕಿತ್ತಾಗ ತಾವು, "ನೀನಿನ್ನೂ ಚಿಕ್ಕೋಳು ಕಣಮ್ಮ, ಹೆಸರಿಗೇನು ಅವಸರ?" ಎಂದಿರಿ. ನಾನು ತಲೆಬಾಗಿ ನನ್ನ ಪ್ರಯೋಗದ ಪುಸ್ತಕವನ್ನೂ ಒಪ್ಪಿಸಿದೆ.

ನಿನ್ನೆ ತಾವೇ ಪ್ರಯೋಗ ಮಾಡಿ ತೋರಿಸಿದಾಗ ಹಿರಿಯ ಪರೀಕ್ಷಕಿ ಸೂಕ್ಷ್ಮದರ್ಶಕದಲ್ಲಿ ಇಣುಕಿ ನೋಡಿ, "ಏನ್ರೀ ಇದು, ಒಂದೂ ಮಿಸುಕಾಡ್ತಿಲ್ವಲ್ಲ!" ಅಂದರಂತೆ. ತಾವು ಪ್ರೋಟೀನನ್ನು ಬೈದಿರಂತೆ. ಪಾಪ, ಅದೇನು ಮಾಡೀತು? ವೀರ್ಯದ ಹನಿ ಹಾಕುವ ಗಾಜಿನ ಪಟ್ಟಿಯನ್ನು ಮೊದಲು ಮೈಬಿಸಿಯಷ್ಟು ಬೆಚ್ಚಗೆ ಮಾಡಬೇಕು. ತಣ್ಣನೆಯ ಗಾಜಿನ ಮೇಲೆ ಎಂಥ ಹೋರಿಯದೂ ಈಜುವುದಿಲ್ಲ. ನಮ್ಮ ಜವಾನನಿಗೂ ಗೊತ್ತಿರುವ ಸಂಗತಿಯೆಂದು ಅದನ್ನು ಪುಸ್ತಕದಲ್ಲಿ ಬರೆದಿರಲಿಲ್ಲ. ತಮಗೆ ಗೊತ್ತಿಲ್ಲವೆಂಬುದು ನನಗೆ ಗೊತ್ತಿತ್ತು. ಆದರೂ ಹೇಳಲಿಲ್ಲ.

ಸೋಮವಾರ ಪರೀಕ್ಷಕಿ ಮತ್ತೆ ಬರುತ್ತಾರೆ. ಅಷ್ಟರಲ್ಲಿ ಪ್ರಬಂಧದ ಮೇಲೆ ನನ್ನ ಹೆಸರನ್ನು ಮೊದಲಿಗೆ ಬರೆಸುವ ಕೃಪೆ ಮಾಡಬೇಕು. ಪ್ರಯೋಗವನ್ನು ನಾನೇ ಮಾಡಿ ತೋರಿಸುತ್ತೇನೆ. ತಾವು ಪಕ್ಕದಲ್ಲಿ ನಿಂತು ಕಲಿಯಬಹುದು.

ಈ ಪತ್ರವನ್ನು ಹರಿದುಹಾಕುವ ಶ್ರಮ ಬೇಡ. ಇದರ ಇನ್ನೊಂದು ಪ್ರತಿ ಬೆಳಿಗ್ಗೆಯೇ ಪರೀಕ್ಷಕಿಯವರ ಕೈಸೇರಿದೆ.

ಇಂತಿ,
ತಮ್ಮ ಅತಿ ವಿನೀತ ಶಿಷ್ಯೆ