ಬಟ್ಟೆ ಒಣಗುವ ಲೈನು

ಫೆಬ್ರವರಿ ೩೦, ೨೩೪೭

ಹಿಂದಿನವರೇ,

ಈ ತಾರೀಖು ನಿಮಗೆ ತಪ್ಪೆನಿಸಬಹುದು. ತಿಂಗಳುಗಳನ್ನೆಲ್ಲ ಸಮ ಮಾಡಿಕೊಂಡು ನಮಗೆ ಬಹಳ ಕಾಲವಾಯಿತು. ನಾನು ಓದಿದ್ದು ಇಂಗ್ಲಿಷ್ ಶಾಲೆಯಲ್ಲಿ, ಕನ್ನಡ ಬಂದದ್ದು ಮನೆಮಾತಿನಿಂದ. ಪದಗಳು ವಿಚಿತ್ರವಾಗಿ ಕಂಡರೆ ಕ್ಷಮಿಸಿ.

ನಿಮ್ಮಿಂದ ನಮಗೆ ಉಳಿದಿರುವ ಪದಗಳಲ್ಲಿ ‘ಲೈನ್’ ಒಂದು. ನೀರಿಗೆ ನಿಲ್ಲುವ ಸಾಲು ಲೈನು. ಗೋಡೆಗೆ ಗೋಡೆ ಅಂಟಿದ ನಮ್ಮ ಮನೆಗಳು ಲೈನು. ಹುಡುಗ ಹುಡುಗಿಯ ಹಿಂದೆ ಸುತ್ತಿದರೆ ಅದೂ ಲೈನು ಹೊಡೆಯುವುದೇ. ಎಲ್ಲಕ್ಕಿಂತ ಹೆಚ್ಚಾಗಿ, ವಾಲಿದ ಕಂಬಗಳ ನಡುವೆ ಕೈಗೆಟಕುವಷ್ಟು ಜೋತುಬಿದ್ದಿರುವ ನಿಮ್ಮ ಕಾಲದ ತಂತಿ ಲೈನು. ಬೀದಿಯ ಬಟ್ಟೆಯೆಲ್ಲ ಒಣಗುವುದು ಅದರ ಮೇಲೆ. ನನ್ನ ಮಗಳು ಚಿತ್ಕಲಾ ತುದಿಗಾಲಲ್ಲಿ ನಿಂತು, ಒದ್ದೆ ಸೀರೆಯನ್ನು ಎರಡೂ ಕೈಯಿಂದ ಎಳೆದೆಳೆದು ಹರವುತ್ತಾಳೆ.

ಶಾಲೆಯಲ್ಲಿ ಈ ಪದದ ಅರ್ಥಗಳನ್ನು ರಾಗವಾಗಿ ಬಾಯಿಪಾಠ ಮಾಡಿಸುತ್ತಿದ್ದರು. ಕೊನೆಗೊಂದು ಬರುತ್ತಿತ್ತು: ಹರಿಬೆಳಕು ಸಾಗುವ ತಂತಿ, ಮುಟ್ಟಿದರೆ ಸಾವು. ಹರಿಬೆಳಕೆಂದರೆ ನೀವು ಕರೆಂಟ್ ಎನ್ನುತ್ತಿದ್ದುದು. ಅದು ಸತ್ತ ಅರ್ಥ, ಬಿಟ್ಟುಬಿಡಿ ಎಂದರು ಟೀಚರ್. ಬಿಟ್ಟೆವು. ಇವತ್ತು ಮಧ್ಯಾಹ್ನ ಹೊಳೆಯ ಕೆಳಗಿನ ಊರಿನವರು ಹರಿಬೆಳಕು ಹುಟ್ಟಿಸುವ ನಿಮ್ಮ ಹಳೆಯ ಚಕ್ರಗಳನ್ನು ಮತ್ತೆ ತಿರುಗಿಸುತ್ತಾರಂತೆ.

ಇನ್ನು ಲೈನು ಮುಟ್ಟಬೇಡಿ ಎಂದು ಮನೆಮನೆಗೆ ಹೋಗಿ ಹೇಳಿದೆ. ಪಕ್ಕದ ಮನೆಯ ಪುಟ್ಟಗೌರಕ್ಕ ನಕ್ಕಳು: “ಸುಮ್ನಿರವ್ವ, ನಮ್ಮತ್ತೆ ಕಾಲ್ದಿಂದ್ಲೂ ಹಾಕ್ತಾ ಇದೀವಿ. ಯಾವ್ ಸೀರೆ ಸತ್ತೋಯ್ತು?”

ನನಗಾದರೂ ಖಾತ್ರಿ ಇದೆಯೇ? ತಂತಿ ಮುಟ್ಟಿ ಸತ್ತವರನ್ನು ನಾನು ಕಂಡಿಲ್ಲ. ಬಾಲ್ಯದ ಒಂದು ರಾಗವನ್ನು ನಂಬಿ ಊರನ್ನೇ ಹೆದರಿಸುತ್ತಿದ್ದೇನೆಯೇ? ಗೊತ್ತಿಲ್ಲ.

ನಮ್ಮಲ್ಲೊಂದು ಪದ್ಧತಿಯಿದೆ. ಬೀದಿಯಲ್ಲಿ ಸಾವಾದರೆ ಎಲ್ಲರೂ ಬಟ್ಟೆ ತೆಗೆದುಬಿಡುತ್ತಾರೆ. ಸೂತಕ ಕಳೆಯುವವರೆಗೆ ಯಾರೂ ಲೈನು ಮುಟ್ಟುವುದಿಲ್ಲ, ಅದರಡಿ ಹಾಯುವುದೂ ಇಲ್ಲ. ಇದನ್ನು ನೆನಪಿಸಿದವರು ನನ್ನ ಅತ್ತೆ. “ನಾನೇ ಸತ್ತೋದೆ ಅಂತ ಕೂಗು. ಹೆಂಗೂ ನಾನು ಸಾಯೋದು ಒಸಿ ಲೇಟಾಗೈತೆ,” ಎಂದು ತಾವೇ ಚಾಪೆ ಹಾಸಿಕೊಂಡು, ಮುಖದ ತನಕ ಸೀರೆ ಎಳೆದು ಮಲಗಿದ್ದಾರೆ. ಆಗಾಗ ಕೆಮ್ಮುತ್ತಾರೆ. ಸುಳ್ಳು ಎಷ್ಟು ಹೊತ್ತು ನಿಲ್ಲುತ್ತದೋ ಅಷ್ಟು ಹೊತ್ತು ಮಕ್ಕಳು ಉಳಿಯುತ್ತಾರೆ.

ನಿಮ್ಮಲ್ಲಿ ಒಂದು ಬೇಡಿಕೆ. ತಂತಿಯನ್ನು ಬಿಟ್ಟುಹೋದಿರಿ, ಪದವನ್ನೂ ಬಿಟ್ಟುಹೋದಿರಿ. ಭಯವನ್ನು ಮಾತ್ರ ಜೊತೆಗೆ ಒಯ್ದಿರಿ. ಮೊಮ್ಮಕ್ಕಳಿಗೆ ಪದ ಕಲಿಸುವಾಗ ಅದನ್ನೂ ಕಲಿಸಿ, ಅವರು ತಮ್ಮ ಮೊಮ್ಮಕ್ಕಳಿಗೆ ಕಲಿಸಲಿ.

ಹೊರಗೆ ಚಿತ್ಕಲಾ ಬಟ್ಟೆಯ ಬಕೆಟ್ ಎತ್ತಿಕೊಂಡ ಸದ್ದಾಯಿತು. ನಾನೀಗ ಬಾಗಿಲಿಗೆ ಹೋಗಿ ಅಳಬೇಕು. ಅಳುವುದಕ್ಕೆ ನಟನೆಯೇನೂ ಬೇಕಾಗುವುದಿಲ್ಲ.