ಮೆಟ್ಟಿಲ ಕೆಳಗಿನ ಕಂಪನಮಾಪಕ

ಪ್ರೀತಿಯ ಅಕ್ಕ,

ನಿನ್ನ ಮನೆಯ ಮೆಟ್ಟಿಲ ಕೆಳಗೆ ನಮ್ಮ ಭೂಕಂಪ ಕೇಂದ್ರದವರು ಇಟ್ಟ ಕಂಪನಮಾಪಕ ನೆಲದ ನಡುಕ ಹೇಳುತ್ತದೆ. ತಾರಸಿಯ ಜಿಪಿಎಸ್ ನೆಲ ಸದ್ದಿಲ್ಲದೆ ಸರಿಯುವುದನ್ನು ಹೇಳುತ್ತದೆ. ಊರಡಿಯ ಬಿರುಕಿನ ಬುದ್ಧಿ ತಿಳಿಯಲು ಎರಡೂ ಬೇಕು.

ಭಾವ ಮೆಟ್ಟಿಲಿಳಿದಾಗಲೆಲ್ಲ ನಮ್ಮ ದಾಖಲೆ ಕೆಡುತ್ತಿತ್ತು. "ನಿಮ್ಮ ನಡಿಗೆಯೇ ನಡುಕ, ಭಾವ!" ಎಂದು ರೇಗಿಸುತ್ತಿದ್ದೆ. "ಹಾಗಾದ್ರೆ ನನ್ ಮೇಲೂ ಒಂದು ಪ್ರಬಂಧ ಬರಿಯೋ" ಎನ್ನುತ್ತಿದ್ದರು.

ಅವರು ತೀರಿಹೋದ ಮೇಲೆ ದಾಖಲೆ ಬಹಳ ಶುದ್ಧವಾಗಿದೆ. ಮೇಲಧಿಕಾರಿ ಹೊಗಳಿದಾಗ ಕನ್ನಡಕ ಒರೆಸುವ ನೆವದಲ್ಲಿ ಎದ್ದು ಹೊರಗೆ ಹೋದೆ.

ಅಕ್ಕಾ, ಆ ದಾಖಲೆಯಲ್ಲಿ ನಿನ್ನ ಹೆಜ್ಜೆಯೂ ಇಲ್ಲ. ಫೋನೂ ಎತ್ತುತ್ತಿಲ್ಲ. ಜಿಪಿಎಸ್, ಕಂಪನಮಾಪಕ ಎರಡರ ಲೆಕ್ಕವನ್ನೂ ಸೇರಿಸಿ ನೋಡಿದರೆ ಮನೆಯೇ ಜರುಗುತ್ತಿದೆ, ನೀನು ಮಾತ್ರ ಹಾಸಿಗೆ ಬಿಟ್ಟು ಅಲುಗುತ್ತಿಲ್ಲ.

ಭಾನುವಾರ ಬರುತ್ತೇನೆ. ಅಷ್ಟರೊಳಗೆ ದಿನಕ್ಕೊಮ್ಮೆಯಾದರೂ ಮೆಟ್ಟಿಲಿಳಿ. ಕಾಲನ್ನು ಜೋರಾಗಿಯೇ ಇಡು. ಇಲ್ಲಿ ಆ ದಾಖಲೆ ಮೂಡುವ ಪರದೆಯ ಮುಂದೆ ಕೂತಿರುತ್ತೇನೆ.

ನಿನ್ನ ಸದ್ದಿಗೆ ಕಾದಿರುವ
ತಮ್ಮ